ಟ್ಯಾಂಕರ್ ಹೊರಡುವ ಮೊದಲು ಹೊಲದ ಲೆಕ್ಕ

ಐರ್ಲೆಂಡಿನ ಕಾರ್ಕ್ ಕೌಂಟಿಯ ಒಂದು ಹಾಲಿನ ಕಾರ್ಖಾನೆಯಲ್ಲಿ ತ್ಯಾಜ್ಯ ನೀರನ್ನು ಶುದ್ಧೀಕರಿಸುವ ಘಟಕ ನನ್ನ ಕೆಲಸದ ಜಾಗ. ತೊಟ್ಟಿ, ಕೊಳವೆಗಳನ್ನು ತೊಳೆದ ನೀರು ತಿಳಿಯಾದ ಮೇಲೆ ತಳದಲ್ಲಿ ಉಳಿಯುವ ಸ್ಲಡ್ಜ್ ಸುತ್ತಲಿನ ಹುಲ್ಲುಗಾವಲುಗಳಿಗೆ ಗೊಬ್ಬರವಾಗಿ ಹೋಗುತ್ತದೆ. ಬೆಂಗಳೂರಿನ ಸುತ್ತಲೂ ಡೈರಿ, ಬಿಯರ್, ಬಿಸ್ಕತ್ತು, ತಂಪು ಪಾನೀಯದ ಕಾರ್ಖಾನೆಗಳಿವೆ. ಅಲ್ಲಿಯೂ ಇಂಥದೇ ಸ್ಲಡ್ಜ್ ದಿನವೂ ಹುಟ್ಟುತ್ತದೆ. ಹೊಸಕೋಟೆ, ದೇವನಹಳ್ಳಿ, ಆನೇಕಲ್ ಕಡೆಯ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ತೀರಾ ಕಡಿಮೆ. ಕೊಟ್ಟಿಗೆ ಗೊಬ್ಬರಕ್ಕೆ ಚಿನ್ನದ ಬೆಲೆ. ಕೊಡುವವರೂ ಇದ್ದಾರೆ, ಬೇಕಾದವರೂ ಇದ್ದಾರೆ. ಆದರೆ ಎರಡು ಊರುಗಳ ರೀತಿಗೂ ಅಜಗಜಾಂತರ.

ಇಲ್ಲಿ ಐರ್ಲೆಂಡಿನಲ್ಲಿ ಲೆಕ್ಕ ಶುರುವಾಗುವುದು ಹೊಲದಿಂದ. ಮೊದಲು ಮಣ್ಣಿನ ಪರೀಕ್ಷೆ. ಅದರಲ್ಲಿರುವ ರಂಜಕವನ್ನು 1ರಿಂದ 4ರವರೆಗೆ ದರ್ಜೆ ಮಾಡುತ್ತಾರೆ. 4 ಎಂದರೆ ಈಗಾಗಲೇ ಬೇಕಾದಷ್ಟಿದೆ ಎಂದರ್ಥ, ಅಂಥ ಹೊಲಕ್ಕೆ ನಮ್ಮ ಟ್ಯಾಂಕರ್ ಹೋಗುವುದಿಲ್ಲ. 48 ಗಂಟೆಯೊಳಗೆ ಭಾರಿ ಮಳೆಯ ಮುನ್ಸೂಚನೆ ಇದ್ದರೆ ಸುರಿಯುವಂತಿಲ್ಲ. ಹಳ್ಳ, ಕುಡಿಯುವ ನೀರಿನ ಬಾವಿಗಳಿಂದ ಎಷ್ಟು ದೂರ ಬಿಡಬೇಕೆಂಬುದು ಕಾನೂನಿನಲ್ಲಿದೆ. ಅಕ್ಟೋಬರ್ ಮೊದಲಿನಿಂದ ಜನವರಿ ನಡುವಿನವರೆಗೆ, ಕೆಲವು ಕಡೆ ಆ ತಿಂಗಳ ಕೊನೆಯವರೆಗೆ, ಪೂರ್ತಿ ನಿಷೇಧ. ಚಳಿಗಾಲದಲ್ಲಿ ಹುಲ್ಲು ಬೆಳೆಯುವುದು ತೀರಾ ಕಡಿಮೆ, ಹಾಕಿದ್ದು ಕೊಚ್ಚಿಕೊಂಡು ನದಿಗೆ ಹೋಗುತ್ತದೆ. ಅಷ್ಟು ದಿನ ಸ್ಲಡ್ಜನ್ನು ಕಾರ್ಖಾನೆ ತನ್ನ ತೊಟ್ಟಿಗಳಲ್ಲೇ ಇಟ್ಟುಕೊಳ್ಳಬೇಕು.

ಬೆಂಗಳೂರಿನಲ್ಲಿ ಲೆಕ್ಕ ಕಾರ್ಖಾನೆಯ ಗೇಟಿನಿಂದ ಶುರುವಾಗಿ ಅಲ್ಲಿಯೇ ಮುಗಿಯುತ್ತದೆ. ತೊಟ್ಟಿ ತುಂಬಿತು, ಖಾಲಿಯಾಗಬೇಕು. ಹೊಸಕೋಟೆಯ ಹತ್ತಿರ ನಮ್ಮ ಚಿಕ್ಕಪ್ಪನ ರಾಗಿ ಹೊಲಕ್ಕೆ ಹೀಗೆ ಬಂದ ಲೋಡನ್ನು ಕಣ್ಣಾರೆ ಕಂಡಿದ್ದೇನೆ. ಟ್ಯಾಂಕರಿನವನು ಬದುವಿನ ಪಕ್ಕ ನಿಲ್ಲಿಸಿ, ಪೈಪ್ ಬಿಟ್ಟು, ಒಂದೇ ಮೂಲೆಗೆ ಅಷ್ಟನ್ನೂ ಸುರಿದು ಹೋಗಿದ್ದ. ಒಣಗಿದ ಮೇಲೆ ಬೂದು ಬಣ್ಣದ ಹಕ್ಕಳೆ. ಬೆರಳಲ್ಲಿ ಎತ್ತಿದರೆ ಅಡಿಯಲ್ಲಿ ಜಿಡ್ಡು, ಹುಳಿತ ಮಜ್ಜಿಗೆಯ ವಾಸನೆ. ಆ ಮೂಲೆಯ ಪೈರು ಕಡುಹಸಿರಾಗಿ ಎತ್ತರಕ್ಕೆ ಬೆಳೆದು, ತೆನೆ ಕಟ್ಟುವ ಹೊತ್ತಿಗೆ ನೆಲಕ್ಕೆ ಮಲಗಿತು. ಸಾರಜನಕ ಅತಿಯಾದರೆ ಆಗುವುದೇ ಹಾಗೆ. ಉಳಿದ ಹೊಲಕ್ಕೆ ಏನೂ ಸಿಗಲಿಲ್ಲ. "ಪುಕ್ಕಟೆ ಬರುವ ಗೊಬ್ಬರವನ್ನು ಯಾರಪ್ಪ ಬೇಡ ಎನ್ನುತ್ತಾರೆ?" ಎಂದರು ಚಿಕ್ಕಪ್ಪ. ಅವರನ್ನು ದೂರುವುದು ಹೇಗೆ? ಅದರಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆಹಾರ ಕಾರ್ಖಾನೆಯ ಸ್ಲಡ್ಜ್ ವಿಷವಲ್ಲ. ನಗರದ ಒಳಚರಂಡಿಯ ಕೆಸರಿಗೆ ಹೋಲಿಸಿದರೆ ಸೀಸ, ಕ್ಯಾಡ್ಮಿಯಂನಂಥ ಭಾರಲೋಹಗಳ ಭಯ ಸಾಮಾನ್ಯವಾಗಿ ಇದರಲ್ಲಿ ಕಡಿಮೆ. ಸಾರಜನಕ, ರಂಜಕ ಧಾರಾಳ. ತೊಂದರೆ ಇರುವುದು ಜಿಡ್ಡಿನಲ್ಲಿ ಮತ್ತು ಉಪ್ಪಿನಲ್ಲಿ. ಯಂತ್ರಗಳನ್ನು ಕಾಸ್ಟಿಕ್ ಸೋಡಾದಿಂದ ತೊಳೆಯುವುದರಿಂದ ಸೋಡಿಯಂ ಸೇರುತ್ತದೆ. ಐರ್ಲೆಂಡಿನ ಮಳೆ ಅದನ್ನು ತೊಳೆದುಬಿಡುತ್ತದೆ. ನಮ್ಮ ಬಿಸಿಲಿನಲ್ಲಿ ನೀರು ಆವಿಯಾಗಿ ಉಪ್ಪು ಮೇಲೆಯೇ ನಿಲ್ಲುತ್ತದೆ. ಮೊದಲೇ ಹೆಪ್ಪುಗಟ್ಟುವ ಗುಣವಿರುವ ಕೆಂಪು ಮಣ್ಣು ಇನ್ನಷ್ಟು ಗಟ್ಟಿಯಾಗಿ ಮಳೆ ನೀರು ಇಂಗದಂತಾಗುತ್ತದೆ. ಹಾಗಾಗಿ ಐರ್ಲೆಂಡಿನಂತೆ ಹಸಿ ಸ್ಲಡ್ಜನ್ನೇ ಹರಡಿ ಎಂದು ನಾನು ಖಂಡಿತ ಹೇಳುವುದಿಲ್ಲ.

ನಮಗೆ ಒಪ್ಪುವುದು ಕಾಂಪೋಸ್ಟ್. ಮಂಡ್ಯದ ಕಡೆ ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್, ಅಂದರೆ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಗಸಿ, ಕಳಿತ ಮೇಲೆ ಗದ್ದೆಗೆ ಹೋಗುವುದು ಹೊಸ ಸಂಗತಿಯೇನಲ್ಲ. ಸ್ಲಡ್ಜಿನಲ್ಲಿ ಸಾರಜನಕ ಹೆಚ್ಚು, ಇಂಗಾಲ ಸಾಲದು. ನೀರು ಹಿಂಡಿ ತೆಗೆದು ಒಣ ಪದಾರ್ಥ ಬೆರೆಸಲೇಬೇಕು. ರಾಗಿ ಹುಲ್ಲು ದನಕ್ಕೆ ಬೇಕು, ಅದನ್ನು ಮುಟ್ಟುವುದು ಬೇಡ. ಆದರೆ ಚಳಿಗಾಲ ಕಳೆದು ಮರಗಳು ಎಲೆ ಉದುರಿಸುವಾಗ ಬೆಂಗಳೂರಿನ ರಸ್ತೆ ಬದಿಗಳಲ್ಲಿ ರಾಶಿ ರಾಶಿ ತರಗೆಲೆಯನ್ನು ಸುಡುತ್ತಾರಲ್ಲ, ಆ ಹೊಗೆ ಕಂಡಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತದೆ. ಸ್ಲಡ್ಜಿಗೆ ಬೇಕಾದ ಇಂಗಾಲ ಅದೇ. ಎರಡನ್ನೂ ಸೇರಿಸಿ ರಾಶಿ ಹಾಕಿ, ಒಳಗೆ 55 ಡಿಗ್ರಿ ದಾಟಿದ ಬಿಸಿ ಕೆಲವು ದಿನ ನಿಲ್ಲುವಂತೆ ಮಗುಚುತ್ತಾ ಬಂದರೆ ರೋಗಾಣುಗಳು ಸಾಯುತ್ತವೆ, ವಾಸನೆ ಇಳಿಯುತ್ತದೆ. ಉಪ್ಪು ಮಾತ್ರ ಇದರಿಂದ ಮಾಯವಾಗುವುದಿಲ್ಲ, ಅದನ್ನು ಅಳೆದೇ ತೀರಬೇಕು. ನಗರದ ಕಸದಿಂದ ಮಾಡಿ ಮಾರುವ ಕಾಂಪೋಸ್ಟಿಗೆ 1985ರ ರಸಗೊಬ್ಬರ ನಿಯಂತ್ರಣ ಆದೇಶದಲ್ಲಿ ಉಪ್ಪು, ಲೋಹಗಳ ಮಿತಿ ಈಗಾಗಲೇ ಇದೆ. ಚಿಕ್ಕಪ್ಪನ ಹೊಲಕ್ಕೆ ಬಂದ ಟ್ಯಾಂಕರಿನ ಜೊತೆ ಒಂದು ಚೀಟಿಯೂ ಇರಲಿಲ್ಲ.

ಐರ್ಲೆಂಡಿನಲ್ಲಿ ಎಲ್ಲವೂ ಸರಿಯಿದೆ ಎಂದಲ್ಲ. ಇಷ್ಟೆಲ್ಲ ನಿಯಮಗಳಿದ್ದೂ ದಕ್ಷಿಣ ಭಾಗದ ನದಿಗಳಲ್ಲಿ ನೈಟ್ರೇಟ್ (ಸಾರಜನಕ ನೀರಿನಲ್ಲಿ ಕರಗಿ ಹರಿಯುವ ರೂಪ) ಹೆಚ್ಚಿದೆ, ಅದರ ಬಹುಪಾಲು ಬರುವುದು ಕೃಷಿಯಿಂದಲೇ. ನಿಯಮವಿದ್ದೂ ಹೀಗಾದರೆ, ನಿಯಮವೇ ತಲುಪದ ಕಡೆ ಕೊಳವೆಬಾವಿಗಳ ಗತಿ ಏನು? ಹೊಸಕೋಟೆಯ ಜನ ಕುಡಿಯುವುದೂ ಆ ನೀರನ್ನೇ.

ದೊಡ್ಡ ಯೋಜನೆಗಾಗಿ ಕಾಯಬೇಕಾಗಿಲ್ಲ. ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ, ರೈತರ ಕೈಗೆ ಮಣ್ಣು ಆರೋಗ್ಯ ಕಾರ್ಡ್ ಕೊಡುವ ಯೋಜನೆ 2015ರಿಂದ ನಡೆದಿದೆ. ಲೋಡ್ ಪಡೆಯುವ ಹೊಲದ ಸರ್ವೆ ನಂಬರ್, ಆ ಕಾರ್ಡಿನ ಅಂಕಿ, ಸ್ಲಡ್ಜಿನ ಪರೀಕ್ಷಾ ವರದಿ ಈ ಮೂರೂ ಒಂದೇ ಹಾಳೆಯಲ್ಲಿ ಇಲ್ಲದೆ ಕಾರ್ಖಾನೆಯ ಗೇಟ್ ತೆರೆಯಬಾರದು. ಪರೀಕ್ಷೆಯ ಖರ್ಚು ಕಾರ್ಖಾನೆಯದು. ಹಾಳೆಯ ಒಂದು ಪ್ರತಿ ಕನ್ನಡದಲ್ಲಿ ರೈತನ ಕೈಗೆ ಬರಬೇಕು, ಎಕರೆಗೆ ಎಷ್ಟು ಹಾಕಬೇಕು, ಯಾವ ತಿಂಗಳಲ್ಲಿ ಹಾಕಬಾರದು ಎಂಬುದು ಅದರಲ್ಲಿ ದಪ್ಪ ಅಕ್ಷರದಲ್ಲಿರಬೇಕು.