ಆಗಸ್ಟ್ 15, ಜನವರಿ 26 ಮತ್ತು ನಮ್ಮ ರಾಯಣ್ಣ

ಆಗಸ್ಟ್ ಬಂದರೆ ಸಾಕು, ಈ ಮಾತು ಫೋನಿನಿಂದ ಫೋನಿಗೆ ಓಡುತ್ತದೆ. ಸಂಗೊಳ್ಳಿ ರಾಯಣ್ಣನ ಹುಟ್ಟುಹಬ್ಬ ಆಗಸ್ಟ್ 15. ಬ್ರಿಟಿಷರು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರ ಜನವರಿ 26. ಒಂದು ಸ್ವಾತಂತ್ರ್ಯ ದಿನ, ಇನ್ನೊಂದು ಗಣರಾಜ್ಯ ದಿನ! ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ಕೆಲವರು ಇದಕ್ಕೆ ಇನ್ನೊಂದು ಮಾತು ಸೇರಿಸುತ್ತಾರೆ. ರಾಯಣ್ಣನ ನೆನಪಿಗಾಗಿಯೇ ಈ ದಿನಗಳನ್ನು ಆರಿಸಿದರಂತೆ. ಅದು ನಿಜವಲ್ಲ. ಮಕ್ಕಳಿಗೆ ಹಾಗೆ ಹೇಳಿಕೊಡಬಾರದು.

1929ರ ಡಿಸೆಂಬರ್‌ನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಪೂರ್ಣ ಸ್ವರಾಜ್ಯವೇ ಗುರಿ ಎಂದು ತೀರ್ಮಾನಿಸಿತು. ಜನರೆಲ್ಲ ಪ್ರತಿಜ್ಞೆ ಮಾಡಲು ಜನವರಿಯ ಕೊನೆಯ ಭಾನುವಾರ ಗೊತ್ತಾಯಿತು. 1930ರಲ್ಲಿ ಆ ಭಾನುವಾರ 26ನೇ ತಾರೀಕು ಬಿತ್ತು, ಅಷ್ಟೇ. ಸಂವಿಧಾನವನ್ನು ಒಪ್ಪಿಕೊಂಡದ್ದು 1949ರ ನವೆಂಬರ್ 26ಕ್ಕೆ. ಆದರೂ ಜಾರಿಗೆ ತರಲು ಎರಡು ತಿಂಗಳು ಕಾದರು. ಆ ಹಳೆಯ ಪ್ರತಿಜ್ಞೆಯ ದಿನವೇ ಬೇಕಿತ್ತು, ಅದಕ್ಕೆ. ಆಗಸ್ಟ್ 15 ಮೌಂಟ್‌ಬ್ಯಾಟನ್ ಆರಿಸಿದ ದಿನ. 1945ರಲ್ಲಿ ಜಪಾನ್ ಶರಣಾಗತಿ ಘೋಷಿಸಿದ್ದು ಅದೇ ತಾರೀಕಿನಂದು.

ಹಾಗಂತ ತಾರೀಕು ಹೊಂದುವುದನ್ನು ಸುಮ್ನೆ ಬಿಡಬೇಕೇ? ಖಂಡಿತ ಬೇಡ. ಇಡೀ ದೇಶ ಬಾವುಟ ಹಾರಿಸುವ ದಿನ ನಮ್ಮವನೊಬ್ಬ ನೆನಪಾಗುತ್ತಾನೆ ಅಂದರೆ ಸಂತೋಷವೇ ಅಲ್ವಾ? ನನ್ನ ಬೇಸರ ಬೇರೆ. ಎರಡು ತಾರೀಕು ಹೇಳಿ ಕೈ ಮುಗಿದುಬಿಡುತ್ತೇವೆ. ನಡುವಿನ ಬದುಕು ಎಲ್ಲಿ ಹೋಯಿತು?

ರಾಯಣ್ಣ ಕಿತ್ತೂರಿನ ಶೇತಸನದಿ. ಊರು ಕಾಯುವ ಚಾಕರಿಗೆ ಬದಲಾಗಿ ಹೊಲ ಉಣ್ಣುತ್ತಿದ್ದ ಮನೆತನ. ಕಂಪನಿ ಸರ್ಕಾರ ಅಂಥ ಹೊಲಗಳಿಗೇ ಕೈ ಹಾಕಿತು, ಕಂದಾಯ ಏರಿಸಿತು. 1829ರ ಫೆಬ್ರವರಿಯಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ತೀರಿಕೊಂಡರು. ಆದರೂ ಅವರ ದತ್ತುಮಗ ಶಿವಲಿಂಗಪ್ಪನನ್ನು ಗದ್ದುಗೆಗೆ ತರಬೇಕೆಂಬ ಹಟ ರಾಯಣ್ಣ ಬಿಡಲಿಲ್ಲ. ಸಾಮಾನ್ಯ ರೈತರ ಮಕ್ಕಳನ್ನು ಕಟ್ಟಿಕೊಂಡು ಕಾಡಿನಿಂದ ಹೋರಾಡಿದ. ಖಜಾನೆ ದೋಚಿದ, ಕಚೇರಿ ಸುಟ್ಟ, ಜಮೀನಿನ ಕಾಗದಪತ್ರಗಳಿಗೆ ಬೆಂಕಿ ಇಟ್ಟ. ಹೊಲ ಕಳೆದುಕೊಂಡವನಿಗೆ ಆ ಕಾಗದಗಳೇ ಶತ್ರು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸುವುದು ಈ ತಿಳಿವಳಿಕೆಯೇ. 1830ರ ಏಪ್ರಿಲ್‌ನಲ್ಲಿ ನಮ್ಮವರೇ ಮೋಸದಿಂದ ಹಿಡಿದುಕೊಟ್ಟರು.

ಬಾವುಟ ಹಾರಿಸುವ ದಿನ ಮೈಕ್ ಹಿಡಿಯುವ ಮೇಷ್ಟ್ರುಗಳಲ್ಲಿ ಒಂದು ವಿನಂತಿ. ತಾರೀಕು ಹೊಂದುವ ಮಾತನ್ನು ಧಾರಾಳವಾಗಿ ಹೇಳಿ. ಆಮೇಲೆ ಆ ಕಾಗದಪತ್ರ ಏಕೆ ಸುಟ್ಟ ಎಂಬುದನ್ನೂ ಐದು ನಿಮಿಷ ಹೇಳಿ. ರೈತರ ಮನೆಯ ಮಕ್ಕಳಿಗೆ ಅದು ಬೇಗ ಅರ್ಥವಾಗುತ್ತದೆ.