ಈರುಳ್ಳಿ ತಾಮಸ, ಅಣಬೆ ಸಾತ್ವಿಕ

ಕನಕಪುರ ರಸ್ತೆಯಾಚೆ ಯಾವುದೋ ತೋಟದ ಮನೆಯಲ್ಲಿ ಭ್ರಮೆ ಹುಟ್ಟಿಸುವ ಅಣಬೆ ತಿನ್ನಿಸುವ ಶಿಬಿರ. ಶುಕ್ರವಾರ ಸಂಜೆ ಹೋದರೆ ಭಾನುವಾರದ ಊಟದೊಳಗೆ ಖಿನ್ನತೆ ಖಲಾಸ್, ಸೋಮವಾರ ಆಫೀಸಿಗೆ ಹಾಜರ್. ನೋಂದಣಿ ಫಾರಂ ಬಲು ಶಿಸ್ತಿನದು: ಜೈನ್ ಊಟವೇ? ಗ್ಲೂಟೆನ್ ಆಗುತ್ತದೆಯೇ? ಯೋಗಾ ಮ್ಯಾಟ್ ತರುತ್ತೀರಾ? ಅಡುಗೆಗೆ ಈರುಳ್ಳಿ, ಬೆಳ್ಳುಳ್ಳಿ ನಿಷಿದ್ಧ, ತಾಮಸವಂತೆ. ಸೆಗಣಿಯ ಮೇಲೆ ಹುಟ್ಟಿದ ಅಣಬೆ ಮಾತ್ರ ಪರಮ ಸಾತ್ವಿಕ.

ನಿಮಗಾಗಲಿ ಒಡಹುಟ್ಟಿದವರಿಗಾಗಲಿ ಬೈಪೋಲಾರ್ (ಮನಸ್ಸು ಅತಿ ಉಬ್ಬರಕ್ಕೂ ಖಿನ್ನತೆಗೂ ತೂಗುವ ಕಾಯಿಲೆ) ಇದೆಯೇ ಎಂಬ ಪ್ರಶ್ನೆ ಮಾತ್ರ ಫಾರಂನಲ್ಲಿಲ್ಲ. ಕೇಳಿದರೆ ಗಿರಾಕಿ ಕೈತಪ್ಪಬಹುದಲ್ಲ!

ಮಾತೆತ್ತಿದರೆ 'ರಿಸರ್ಚ್ ಇದೆ ಸಾರ್' ಅನ್ನುತ್ತಾರೆ. ಇದೆ. 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಹಲವು ಮಾತ್ರೆಗೂ ಬಗ್ಗದ ಖಿನ್ನತೆಯ 233 ಜನರಿದ್ದರು. ಬೈಪೋಲಾರ್ ಇದ್ದವರನ್ನು ಬಾಗಿಲಲ್ಲೇ ತಡೆದಿದ್ದರು. ಅತಿ ದೊಡ್ಡ ಡೋಸು ಕಾರ್ಖಾನೆಯಲ್ಲಿ ತಯಾರಾದ, ಅಳೆದ 25 ಮಿಲಿಗ್ರಾಂ ಸೈಲೋಸೈಬಿನ್, ಅಂದರೆ ಈ ಅಣಬೆಯೊಳಗಿನ ಮತ್ತಿನ ವಸ್ತು. ಕಣ್ಣಿಗೆ ಪಟ್ಟಿ, ಕಿವಿಗೆ ಸಂಗೀತ, ಆರೆಂಟು ಗಂಟೆ ಪಕ್ಕದಲ್ಲಿ ತರಬೇತಾದ ಥೆರಪಿಸ್ಟ್. ಅದಕ್ಕೂ ಮುಂಚೆ, ಆಮೇಲೆ ಮಾತುಕತೆಯ ಕೂಟಗಳು. ಇಷ್ಟಾಗಿ ಆ ಡೋಸು ಪಡೆದವರಲ್ಲಿ ಮೂರನೇ ವಾರಕ್ಕೆ ಅರ್ಧಕ್ಕರ್ಧ ಗುಣ ಕಂಡವರು ಶೇ. 37, ಹನ್ನೆರಡನೇ ವಾರದವರೆಗೂ ಅದು ಉಳಿದದ್ದು ಶೇ. 20ಕ್ಕೆ. ತೋಟದ ಮನೆಯ ಪೋಸ್ಟರಿನಲ್ಲಿ ಮೂರನೇ ವಾರವಿದೆ, ಹನ್ನೆರಡನೆಯದಕ್ಕೆ ಜಾಗ ಸಾಲಲಿಲ್ಲ. ಡೋಸು? 'ಒಂದು ಚಮಚ, ತಲೆತಟ್ಟಿ.' ಒಂದು ಅಣಬೆಯ ಕಸುವು ಇನ್ನೊಂದಕ್ಕಿರುವುದಿಲ್ಲ ಅನ್ನುವುದು ಚಮಚಕ್ಕೇನು ಗೊತ್ತು?

'ಆಸ್ಟ್ರೇಲಿಯಾದಲ್ಲಿ ಲೀಗಲ್' ಅನ್ನುವುದು ಇನ್ನೊಂದು ಮಂತ್ರ. ಅಲ್ಲಿ 2023ರ ಜುಲೈಯಿಂದ ಬರೆದುಕೊಡುವುದು ಅನುಮತಿ ಪಡೆದ ಮನೋವೈದ್ಯರು ಮಾತ್ರ. ಇಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಇದೆ. ಹಾಗಾಗಿ ಬಿಲ್ಲಿನಲ್ಲಿ 'ಕೋಕೋ ಸಮಾರಂಭ'.

ವಾಟ್ಸಾಪ್ ಸೂಚನೆ ಇನ್ನೂ ಚೆಂದ: 'ವಾರ ಮುಂಚೆ ಎಲ್ಲ ಕೆಮಿಕಲ್ ಮಾತ್ರೆ ನಿಲ್ಲಿಸಿ.' ಅದರಲ್ಲಿ ಬೈಪೋಲಾರ್‌ಗೆ ಕೊಡುವ ಲಿಥಿಯಂ ಕೂಡ ಸೇರಿತು. ರಕ್ತ ಕೊಟ್ಟು ಮಟ್ಟ ನೋಡಿ, ಥೈರಾಯ್ಡ್, ಕಿಡ್ನಿ ಪರೀಕ್ಷಿಸಿ, ವರ್ಷಗಟ್ಟಲೆ ಕಾದು ಕೂಡಿಸಿದ ನೆಮ್ಮದಿ ಅದು. ದಿಢೀರನೆ ಬಿಟ್ಟರೆ ಮೇನಿಯಾ, ಅಂದರೆ ಆ ಅತಿ ಉಬ್ಬರ, ಮರಳಬಹುದು, ಆತ್ಮಹತ್ಯೆಯ ಅಪಾಯವೂ ಏರುತ್ತದೆ. ಬಿಡದೆ ಮೇಲೆ ಅಣಬೆ ನುಂಗಿದರೆ ಫಿಟ್ಸ್ ಬಂದ ವರದಿಗಳೂ ಇವೆ. ಎತ್ತ ಹೋದರೂ ಹಳ್ಳ.

ಹೀಗೆ ಮೇನಿಯಾ ಏರಿದವರನ್ನು ಬೇರೆ ಊರಲ್ಲಾಗಿದ್ದರೆ ಮನೆಯವರು ಹೆದರಿ ಆಸ್ಪತ್ರೆಗೆ ಒಯ್ಯುತ್ತಿದ್ದರು. ಮೂರು ರಾತ್ರಿ ನಿದ್ದೆಯಿಲ್ಲ, ಆಯಾಸವೂ ಇಲ್ಲ, ಬಾಯಿ ನಿಲ್ಲುವುದಿಲ್ಲ, ಕೆಲಸಕ್ಕೆ ರಾಜೀನಾಮೆ, ನಡುರಾತ್ರಿ ಎರಡಕ್ಕೆ ಪಿಎಫ್ ಹಣ ಹಾಕಿ ಕಂಪನಿ ಕಟ್ಟುವ ಯೋಜನೆ. ಬೆಂಗಳೂರಿನಲ್ಲಿ ಇದಕ್ಕೆ ಫೌಂಡರ್ ಎನರ್ಜಿ ಅನ್ನುತ್ತಾರೆ. ಗ್ರೂಪಿನಲ್ಲಿ ನಲವತ್ತು ಹೃದಯದ ಚಿಹ್ನೆ ಬಿದ್ದಿವೆ, ಮುಂದಿನ ಬ್ಯಾಚಿನ ಬಂಡವಾಳವೂ ಅವರದ್ದೇ.