ಟೋಪಿ ತೆಗೆದು ಟೋಪಿ ಹಾಕಿದವನು

'ಕುದುರೆ ಕಂಡರೆ ಕಾಲು ನೋವು' ಅಂತ ಗಾದೆ ಕಟ್ಟಿದವರು ಕುದುರೆ ಪಳಗಿಸುವ ಕೆಲಸಕ್ಕೆ ಇಳಿದವರಲ್ಲ. ಇಳಿದಿದ್ದರೆ ಸೊಂಟ, ಮೊಣಕೈ, ಬಲಗಾಲಿನ ಹೆಬ್ಬೆರಳು ಎಂದು ಪಟ್ಟಿಯನ್ನೇ ಕೊಡುತ್ತಿದ್ದರು. ಹೆಬ್ಬೆರಳಿನ ಹಿಂದೆ ಯಾವ ಸಾಹಸದ ಕಥೆಯೂ ಇಲ್ಲ. ಕುದುರೆ ನಿಂತಲ್ಲೇ ತೂಕಡಿಸುತ್ತದೆ. ತೂಕಡಿಸುತ್ತಾ ಕಾಲು ಬದಲಿಸುತ್ತದೆ. ಸುಮಾರು 500 ಕಿಲೋ ಮೈಭಾರದಲ್ಲಿ ತನ್ನ ಪಾಲು ಹೊತ್ತ ಆ ಗೊರಸು ಬಂದು ಕೂತ ಜಾಗದಲ್ಲಿ ನನ್ನ ಬೂಟು ಇತ್ತು, ಅಷ್ಟೆ.

ಸೊಂಟ ನೋವಿನ ಕೀರ್ತಿ ಮಾತ್ರ ಪೂರ್ತಿ ನಾನು ಪಳಗಿಸುತ್ತಿದ್ದ ಕೆಂಚ ಎಂಬ ಕುದುರೆಯದು. ಜೀನಿನ ಪಟ್ಟಿ ಬಿಗಿಯುವಾಗ ಕೆಲವು ಕುದುರೆಗಳು ಮೈ ಬಿರುಸು ಮಾಡಿಕೊಂಡು ಎದೆ ಉಬ್ಬಿಸಿ ನಿಲ್ಲುತ್ತವೆ. ಆಮೇಲೆ ಸಡಿಲ ಬಿಡುತ್ತವೆ, ಪಟ್ಟಿಯೂ ಸಡಿಲವಾಗುತ್ತದೆ. ಹಾಗಾಗಿ ನಾಲ್ಕು ಹೆಜ್ಜೆ ನಡೆಸಿ ಇನ್ನೊಮ್ಮೆ ಬಿಗಿದೇ ಹತ್ತಬೇಕು. ಕಲಿಯಲು ಬಂದವರಿಗೆಲ್ಲ ಇದನ್ನು ದಿನಕ್ಕೆ ಹತ್ತು ಸಲ ಹೇಳುವವನು ನಾನೇ. ಆವತ್ತು ಕೆಂಚನ ಯಜಮಾನರು ಬಂದು ನಿಂತಿದ್ದರು. ನನ್ನ ಅನುಭವದ ಬಗ್ಗೆ ಭಾಷಣ ಮಾಡುತ್ತಲೇ ರಿಕಾಪಿಗೆ ಎಡಗಾಲು ಕೊಟ್ಟೆ. ಕೆಂಚ ಉಸಿರು ಬಿಟ್ಟ. ಜೀನು ನಿಧಾನಕ್ಕೆ, ಮರ್ಯಾದೆಯಿಂದ, ಬೆನ್ನಿನಿಂದ ಪಕ್ಕೆಗೆ, ಪಕ್ಕೆಯಿಂದ ಹೊಟ್ಟೆಯ ಕಡೆಗೆ ಜಾರಿತು. ಜೊತೆಗೆ ನನ್ನನ್ನೂ ಕರೆದುಕೊಂಡು ಹೋಯಿತು.

"ಇದು ಹೊಸ ಪದ್ಧತಿಯಾ ಸಾರ್?" ಎಂದರು ಯಜಮಾನರು.

ಪುಣ್ಯಕ್ಕೆ ಕೆಂಚ ಕದಲಲಿಲ್ಲ. ನೆಲದ ಮೇಲಿನಿಂದ ನೋಡಿದರೆ ಅವನ ಮುಖದಲ್ಲಿ ಕರುಣೆಯೇ ಇದ್ದಂತಿತ್ತು.

ನಮ್ಮ ಕಸುಬಿನ ಗುಟ್ಟು ಒಂದೇ: ಹಗ್ಗ ಎಳೆದಾಗಲ್ಲ, ಸಡಿಲ ಬಿಟ್ಟಾಗ ಕುದುರೆ ಕಲಿಯುತ್ತದೆ. ಯಾವುದನ್ನು ಮಾಡಿದ ಕ್ಷಣಕ್ಕೆ ಒತ್ತಡ ನಿಂತಿತೋ ಅದೇ ಸರಿ ಎಂದು ಲೆಕ್ಕ ಹಾಕಿಕೊಳ್ಳುತ್ತದೆ. ಒಂದು ದಿನ ಉದ್ದ ಹಗ್ಗ ಹಿಡಿದು ಸುತ್ತು ಹೊಡೆಸುತ್ತಿದ್ದಾಗ ಕೆಂಚ ಹತ್ತಿರ ಬಂದು ನನ್ನ ಟೋಪಿ ಕಿತ್ತು ಕೆಳಗೆ ಹಾಕಿದ. ನಾನು ನಕ್ಕೆ, ಹಗ್ಗ ಬಿಟ್ಟೆ, ಬಗ್ಗಿ ಟೋಪಿ ಎತ್ತಿಕೊಂಡೆ. ಅಲ್ಲಿಗೆ ಪಾಠ ಮುಗಿಯಿತು. ಟೋಪಿ ಬಿದ್ದರೆ ವಿರಾಮ! ಎಡಕ್ಕೆ ತಿರುಗುವುದನ್ನು ಕಲಿಸಲು ನನಗೆ ಮೂರು ವಾರ ಬೇಕಾಗಿತ್ತು. ಇದನ್ನು ಅರೆಕ್ಷಣದಲ್ಲಿ ಕಲಿಸಿದ್ದೆ. ಟೋಪಿ ಹಾಕುವವರನ್ನು ಬೇಕಾದಷ್ಟು ಕಂಡಿದ್ದೇನೆ, ತೆಗೆದು ಟೋಪಿ ಹಾಕಿದವನು ಇವನೊಬ್ಬನೇ.

ಬರಿತಲೆಯಲ್ಲಿ ಹೋದೆ. ಕೈಗವಸು ಎಳೆದ.

ಬರ್ಲಿನ್ನಿನಲ್ಲಿ ಹಿಂದೆ ಹಾನ್ಸ್ ಎಂಬ ಕುದುರೆ ಗೊರಸು ಬಡಿದು ಲೆಕ್ಕ ಹೇಳುತ್ತಿತ್ತಂತೆ. ಅದಕ್ಕೆ ಗಣಿತ ಬರುವುದಿಲ್ಲ, ಉತ್ತರದ ಸಂಖ್ಯೆ ಬಂದಾಗ ಪ್ರಶ್ನೆ ಕೇಳಿದವರ ತಲೆ ಕೂದಲೆಳೆಯಷ್ಟು ಅಲುಗುವುದನ್ನು ನೋಡಿ ನಿಲ್ಲಿಸುತ್ತದೆ ಎಂದು 1907ರಲ್ಲಿ ಫುಂಗ್‌ಸ್ಟ್ ಎಂಬ ಮನಶ್ಶಾಸ್ತ್ರಜ್ಞ ತೋರಿಸಿಕೊಟ್ಟ. ಜನಕ್ಕೆ ನಿರಾಸೆಯಾಯಿತೇನೋ, ನನಗಂತೂ ಗಣಿತಕ್ಕಿಂತ ಇದೇ ಭಯಂಕರ ಎನಿಸುತ್ತದೆ. 'ಇವತ್ತಿಗೆ ಸಾಕು' ಎಂದು ನಾನು ತೀರ್ಮಾನಿಸುವ ಮೊದಲೇ ಕೆಂಚ ಗೇಟಿನ ಹತ್ತಿರ ನಿಂತಿರುತ್ತಿದ್ದ.

ಕಳೆದ ತಿಂಗಳು ಯಜಮಾನರು ಅವನನ್ನು ಕರೆದೊಯ್ಯಲು ಬಂದರು. ನಡೆಸಿ, ಓಡಿಸಿ, ನಿಲ್ಲಿಸಿ ತೋರಿಸಿದೆ. ಪಟ್ಟಿಯನ್ನು ಮೂರು ಸಲ ಬಿಗಿದಿದ್ದೆ. "ಏನೂ ದುರಭ್ಯಾಸ ಇಲ್ಲ ತಾನೇ?" ಎಂದು ಕೇಳುತ್ತಾ ಹಗ್ಗ ಇಸಿದುಕೊಂಡರು. ಅವರ ತಲೆಯ ಮೇಲೆ ಅಗಲವಾದ, ಹೊಚ್ಚಹೊಸ ಹುಲ್ಲಿನ ಟೋಪಿ. ಕೆಂಚನ ಎರಡೂ ಕಿವಿ ಮುಂದಕ್ಕೆ ನಿಮಿರಿದವು.

"ಛೆ ಛೆ, ಬಂಗಾರದಂಥ ಕುದುರೆ" ಎಂದು ಹೇಳಿ ನಾನು ಲಾಯದ ಕಡೆಗೆ ಬೇಗ ಬೇಗ ಹೆಜ್ಜೆ ಹಾಕಿದೆ.